ಕಾರಿನ ಮುಂದಿನ ಗ್ಲಾಸ್ ಇವತ್ತು ಹಾಕಿಸಿದ್ದೇನೆ, ಹೊರಗೆ ಜೋರು ಮಳೆ, ನಾಳೆ ಶಿರಾಡಿ ಘಾಟಿ ಇಳಿಯಬೇಕು. ಏನೇನು ಎಚ್ಚರ ವಹಿಸಬೇಕು?

ಹೇಮಾವತಿ ತೀರ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿರುವವರು ದಯವಿಟ್ಟು ಹೇಳಿ.

ಹೋದ ವಾರ ಚನ್ನರಾಯಪಟ್ಟಣದ ಹತ್ತಿರ ಜಲ್ಲಿ ಟಿಪ್ಪರ್ ಹಿಂದೆ ಬರುವಾಗ ಕಲ್ಲು ಹಾರಿ ಗ್ಲಾಸಿಗೆ ಬಡಿಯಿತು. ಮೊದಲು ಬರೀ ಒಂದು ಚುಕ್ಕೆ ಇತ್ತು. ಬಿಸಿಲಲ್ಲಿ ನಿಲ್ಲಿಸಿ, ಎಸಿ ಹಾಕಿ ಹೊರಟಾಗ ಬಿರುಕು ಡ್ರೈವರ್ ಕಡೆಯಿಂದ ಒಳಗಿನ ಕನ್ನಡಿ ತನಕ ಓಡಿತು. ಹಾಗಾಗಿ ಇವತ್ತು ಸಂಜೆ 4 ಗಂಟೆಗೆ ಹೊಸ ಗ್ಲಾಸ್ ಕೂರಿಸಿಕೊಂಡು ಬಂದೆ. ಮೇಲ್ಗಡೆ ಅಂಚಿಗೆ ಮೂರು ಕಡೆ ನೀಲಿ ಟೇಪ್ ಅಂಟಿಸಿದ್ದಾರೆ.

ಫಿಟ್ಟರ್ ಹೇಳಿದ್ದು, "ಒಂದೆರಡು ಗಂಟೆ ಬಿಟ್ಟು ಓಡಿಸಿ, ಏನೂ ಆಗಲ್ಲ." ನನ್ನ ಭಾವ ಫೋನಿನಲ್ಲಿ ಹೇಳುತ್ತಾರೆ, ಎರಡು ದಿನ ಕಾರು ಮುಟ್ಟಲೇಬೇಡ ಅಂತ. ಮನೆಗೆ ಬಂದಾಗಿನಿಂದ ಮಳೆ ಒಂದೇ ಸಮನೆ ಹೊಡೆಯುತ್ತಿದೆ, ನಮ್ಮಲ್ಲಿ ಶೆಡ್ ಇಲ್ಲ. ನಾಳೆ ಬೆಳಿಗ್ಗೆ ಪುತ್ತೂರಿನಲ್ಲಿ ನಾಮಕರಣ. ಅಮ್ಮ ಮತ್ತು ಮಕ್ಕಳನ್ನು ಕರೆದುಕೊಂಡು ಸಕಲೇಶಪುರ, ಗುಂಡ್ಯ, ಉಪ್ಪಿನಂಗಡಿ ಮೇಲೆ ಹೋಗಬೇಕು. ಮಳೆಗೆ ಗಮ್ ಹಾಳಾಗುತ್ತದಾ? ಘಾಟಿಯ ಗುಂಡಿಗೆ ಗ್ಲಾಸ್ ಜರುಗುತ್ತದಾ? ಟೇಪ್ ಯಾವಾಗ ತೆಗೆಯಬೇಕು? ಹೋಗಬಹುದಾ, ಬಸ್ಸಿಗೆ ಹೋಗುವುದೇ ಒಳ್ಳೆಯದಾ?

ಗ್ಲಾಸ್ ಕೆಲಸದವನು, ಬೆಂಗಳೂರು

ಸರ್, ಗಾಬರಿ ಆಗಬೇಡಿ. ಮಳೆ ಬಂದರೆ ಗಮ್ ಹಾಳಾಗುವುದಿಲ್ಲ. ಇದನ್ನು ಮೊದಲು ತಲೆಯಿಂದ ತೆಗೆದುಹಾಕಿ. ಈಗಿನ ಕಾರುಗಳಿಗೆ ಹಾಕುವುದು ಪಾಲಿಯುರೇಥೇನ್ ಅಂಟು, ನಾವು ಪಿಯು ಅನ್ನುತ್ತೇವೆ. ಇದು ಫೆವಿಕಾಲ್ ಥರ ನೀರು ಆರಿ ಗಟ್ಟಿಯಾಗುವ ಅಂಟಲ್ಲ. ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡೇ ಗಟ್ಟಿಯಾಗುತ್ತದೆ. ಮಳೆಗಾಲದ ಗಾಳಿ ಇದಕ್ಕೆ ಅನುಕೂಲವೇ. ಅಂಟು ಹಾಕುವ ಹೊತ್ತಿನಲ್ಲಿ ಮಾತ್ರ ಗಾಜಿನ ಅಂಚು, ಬಾಡಿಯ ಫ್ರೇಮ್ ಒಣಗಿರಬೇಕು, ಧೂಳು ಇರಬಾರದು. ನಿಮಗೆ ಹಾಕುವಾಗ ಒಳಗಡೆ ನಿಲ್ಲಿಸಿ ಹಾಕಿದ್ದರೆ ಆ ಚಿಂತೆ ಇಲ್ಲ.

ಆದರೆ ಒಂದು ವಿಷಯ ಅರ್ಥ ಮಾಡಿಕೊಳ್ಳಿ. ಈ ಅಂಟು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಮೇಲೆ ಸ್ವಲ್ಪ ಹೊತ್ತಿನಲ್ಲೇ ಪೊರೆ ಕಟ್ಟುತ್ತದೆ, ಬೆರಳಿಗೆ ಅಂಟುವುದಿಲ್ಲ. ಅದನ್ನು ನೋಡಿ ಜನ ಒಣಗಿತು ಅಂದುಕೊಳ್ಳುತ್ತಾರೆ. ಒಳಗೆ ಇನ್ನೂ ಮೆತ್ತಗೇ ಇರುತ್ತದೆ. ಮಾಮೂಲಿ ಅಂಟಾದರೆ 24 ಗಂಟೆಗೆ ಸುಮಾರು 3ರಿಂದ 4 ಮಿಲಿಮೀಟರ್ ಆಳಕ್ಕೆ ಗಟ್ಟಿಯಾಗುತ್ತದೆ. ಆದ್ದರಿಂದ "ಗಾಡಿ ಓಡಿಸಬಹುದು" ಅನ್ನುವುದು ಬೇರೆ, "ಪೂರ್ತಿ ಗಟ್ಟಿಯಾಗಿದೆ" ಅನ್ನುವುದು ಬೇರೆ. ನಿಮ್ಮ ಫಿಟ್ಟರ್ ಮೊದಲನೆಯದನ್ನು ಹೇಳಿದ್ದಾರೆ, ನಿಮ್ಮ ಭಾವ ಎರಡನೆಯದನ್ನು ಹೇಳಿದ್ದಾರೆ. ಇಬ್ಬರದ್ದೂ ತಪ್ಪಿಲ್ಲ.

ಈಗಲೇ ಅಂಗಡಿಗೆ ಫೋನ್ ಮಾಡಿ ಎರಡು ವಿಷಯ ಕೇಳಿ. ಯಾವ ಅಂಟು ಹಾಕಿದರು, ಟ್ಯೂಬ್ ಮೇಲೆ ಎಕ್ಸ್‌ಪೈರಿ ದಿನಾಂಕ ಏನಿತ್ತು. ಅಂಟಿನ ಕಂಪನಿಯವರು ಗಾಡಿ ಎಷ್ಟು ಗಂಟೆ ಬಿಟ್ಟು ರಸ್ತೆಗೆ ಇಳಿಸಬಹುದು ಅಂತ ಅವರ ಹಾಳೆಯಲ್ಲಿ ಬರೆದಿರುತ್ತಾರೆ. ಬೇಗ ಹಿಡಿಯುವ ಅಂಟಿಗೆ ಅರ್ಧ, ಒಂದು ಗಂಟೆ ಇರುತ್ತದೆ, ಮಾಮೂಲಿ ಅಂಟಿಗೆ ಹಲವು ಗಂಟೆ ಬೇಕು. ಆ ಸಮಯವೇ ಸರಿಯಾದ ಲೆಕ್ಕ. ನಾನು ಹೇಳಿದ್ದೂ ಅಲ್ಲ, ಭಾವ ಹೇಳಿದ್ದೂ ಅಲ್ಲ.

ಹಳೇ ಡ್ರೈವರ್, ತುಮಕೂರು

ಇದೆಲ್ಲ ಜಾಸ್ತಿ ಆಯ್ತು ಅನ್ಸುತ್ತೆ. ನಾನು ಅಂಬಾಸಡರ್ ಕಾಲದಿಂದ ಗಾಡಿ ಓಡಿಸುತ್ತಿದ್ದೇನೆ. ದಾರಿಯಲ್ಲಿ ಗ್ಲಾಸ್ ಒಡೆದರೆ ಮುಂದಿನ ಊರಿನಲ್ಲಿ ಹಾಕಿಸಿಕೊಂಡು ಆಗಲೇ ಹೊರಡುತ್ತಿದ್ದೆವು. ಯಾರೂ ಗಂಟೆ ಎಣಿಸಿದ್ದಿಲ್ಲ. ಹೋಗಿ ಬನ್ನಿ, ಏನೂ ಆಗಲ್ಲ.

ಗ್ಲಾಸ್ ಕೆಲಸದವನು, ಬೆಂಗಳೂರು

ಅಣ್ಣ, ನಿಮ್ಮ ಮಾತು ಅಂಬಾಸಡರ್‌ಗೆ ಪೂರ್ತಿ ಸರಿ. ಅಂಬಾಸಡರ್, ಪದ್ಮಿನಿ, ಹಳೇ ಲಾರಿಗಳಲ್ಲಿ ಗಾಜನ್ನು ದಪ್ಪ ರಬ್ಬರ್ ಹಿಡಿದುಕೊಂಡಿರುತ್ತಿತ್ತು. ದಾರ ಹಾಕಿ ರಬ್ಬರ್ ತುಟಿ ಎಳೆದು ಕೂರಿಸಿದರೆ ಕೆಲಸ ಮುಗಿಯಿತು, ಅಂಟಿನ ಮಾತೇ ಇಲ್ಲ. ಈಗಿನ ಕಾರುಗಳಲ್ಲಿ ಸುತ್ತ ಕಾಣುವ ರಬ್ಬರ್, ಅಂದರೆ ಬೀಡಿಂಗ್, ಬರೀ ಅಂದಕ್ಕೆ ಮತ್ತು ಗಾಳಿ ಸದ್ದು ತಡೆಯಲಿಕ್ಕೆ. ಗಾಜನ್ನು ಹಿಡಿದಿರುವುದು ಅಂಟು ಮಾತ್ರ. ಗಾಡಿ ಪಲ್ಟಿಯಾದಾಗ ಮೇಲ್ಛಾವಣಿ ಕುಸಿಯದಂತೆ ತಡೆಯುವುದರಲ್ಲಿ ಮುಂದಿನ ಗ್ಲಾಸಿನ ಪಾಲೂ ಇದೆ. ನಿಮ್ಮ ಅನುಭವಕ್ಕೆ ಗೌರವ ಇದೆ, ಆದರೆ ಹೊಸ ಕಾರಿನವರಿಗೆ ಆ ಸಲಹೆ ಕೊಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಮೈಸೂರಿನಿಂದ

ಇದಕ್ಕೆ ಇನ್ನೊಂದು ಸೇರಿಸುತ್ತೇನೆ, ಇದು ಎಲ್ಲಕ್ಕಿಂತ ಮುಖ್ಯ. ಏರ್‌ಬ್ಯಾಗ್. ಬಹಳ ಕಾರುಗಳಲ್ಲಿ ಎಡಗಡೆ ಸೀಟಿನ ಏರ್‌ಬ್ಯಾಗ್ ಡ್ಯಾಶ್‌ಬೋರ್ಡ್ ಮೇಲಿನಿಂದ ಹೊರಬಂದು ಮೊದಲು ಗ್ಲಾಸಿಗೆ ಬಡಿದು, ಅದಕ್ಕೆ ಒರಗಿಕೊಂಡು ಕೂತವರ ಕಡೆ ಉಬ್ಬುತ್ತದೆ. ಅಂಟು ಹಿಡಿಯದೇ ಇದ್ದರೆ ಗ್ಲಾಸ್ ಹೊರಕ್ಕೆ ಹಾರುತ್ತದೆ, ಬ್ಯಾಗ್ ಸಹ ಹೊರಗೆ. ಸೀಟಿನಲ್ಲಿದ್ದವರಿಗೆ ಅದು ಇದ್ದೂ ಇಲ್ಲದಂತೆ. ನಮ್ಮ ದೇಶದಲ್ಲಿ ಡ್ರೈವರ್ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯ, ಪಕ್ಕದ ಸೀಟಿನದ್ದು ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್‌ನಿಂದ ಕಡ್ಡಾಯ. ಅಂದರೆ ಈಗ ರಸ್ತೆಯಲ್ಲಿರುವ ಹೊಸ ಕಾರುಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ. ಹೇಮಾವತಿ ತೀರದವರೇ, ನಿಮ್ಮ ಅಮ್ಮ ಮುಂದೆ ಕೂರುವವರು ಅಲ್ವಾ? ಅದಕ್ಕೇ ಗಂಟೆಯ ಲೆಕ್ಕ ಸರಿಯಾಗಿ ಕೇಳಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಹೇಮಾವತಿ ತೀರ, ಹಾಸನ

ಇಷ್ಟು ಬೇಗ ಉತ್ತರ ಕೊಟ್ಟಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಂಗಡಿಯವರಿಗೆ ಫೋನ್ ಮಾಡಿದೆ. ಪಾಪ, ಬೇಜಾರು ಮಾಡಿಕೊಳ್ಳದೆ ಖಾಲಿ ಟ್ಯೂಬಿನ ಫೋಟೋ ಕಳಿಸಿದರು. ಪಿಯು ಅಂಟೇ, ದಿನಾಂಕ ಮುಂದಿನ ವರ್ಷದ್ದು. ಅವರ ಹಾಳೆಯಲ್ಲಿ ಏರ್‌ಬ್ಯಾಗ್ ಇರುವ ಗಾಡಿಗೆ 4 ಗಂಟೆ ಅಂತ ಇದೆ. ನಾವು ಹೊರಡುವುದು ಬೆಳಿಗ್ಗೆ 7ಕ್ಕೆ, ಅಲ್ಲಿಗೆ 15 ಗಂಟೆ ಆಗುತ್ತದೆ. ಹಾಗಾದರೆ ಹೊರಡಬಹುದು ಅಲ್ವಾ?

ಗ್ಲಾಸ್ ಕೆಲಸದವನು, ಬೆಂಗಳೂರು

ಹೊರಡಬಹುದು ಸರ್. ನಾನಾದರೂ ಹೊರಡುತ್ತಿದ್ದೆ. ಆದರೆ ಮೊದಲ ಒಂದೆರಡು ದಿನ ಇನ್ನೂ ಎಳೆಗೂಸೇ ಅಂದುಕೊಂಡು ನಡೆಸಿಕೊಳ್ಳಿ. ಗುಂಡಿ ಕಂಡರೆ ಪೂರ್ತಿ ನಿಧಾನ ಮಾಡಿ ಇಳಿಸಿ. ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದಾಗ, ಓರೆಯಾಗಿ ಹಂಪ್ ಹತ್ತಿದಾಗ ಬಾಡಿ ತಿರುಚುತ್ತದೆ. ಮೆತ್ತಗಿರುವ ಅಂಟಿನ ಮೇಲೆ ಆ ತಿರುಚು ಬೀಳಬಾರದು. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಅವಸರ ಬೇಡ. ಲಾರಿ, ಬಸ್ಸಿನ ಬಾಲ ಹಿಡಿದು ಹೋಗಬೇಡಿ, ಇನ್ನೊಂದು ಕಲ್ಲು ಹಾರಿದರೆ ಏನು ಮಾಡುತ್ತೀರಿ? ಹೊರಡುವ ಮುಂಚೆ ಘಾಟಿ ತೆರೆದಿದೆಯಾ ಅಂತಲೂ ನೋಡಿಕೊಳ್ಳಿ. ಈ ಮಳೆಗೆ ಗುಡ್ಡ ಜರಿದು ರಸ್ತೆ ಮುಚ್ಚಿದರೆ ಬಿಸಿಲೆ ಘಾಟಿ ಕಡೆಯಿಂದ ಇಳಿಯಬೇಕಾಗುತ್ತದೆ, ಆ ರಸ್ತೆ ಹೊಸ ಗ್ಲಾಸಿಗೆ ಬೇಡ.

ಟೇಪ್ 24 ಗಂಟೆ ಇರಲಿ. ಅದು ಅಂಟಿನ ಬದಲು ಗಾಜು ಹಿಡಿಯಲಿಕ್ಕೆ ಅಲ್ಲ, ಮೇಲಿನ ಬೀಡಿಂಗ್ ಏಳದಂತೆ, ಗಾಜು ಕೂದಲೆಳೆಯಷ್ಟೂ ಜಾರದಂತೆ. ನೋಡಲಿಕ್ಕೆ ಚೆನ್ನಾಗಿಲ್ಲ ಅಂತ ನಾಮಕರಣದ ಮನೆ ಮುಂದೆ ಕಿತ್ತುಹಾಕಬೇಡಿ. ನಾಳೆ ಸಂಜೆ ಮೇಲೆ ನಿಧಾನವಾಗಿ ಮಡಚಿಕೊಂಡು ಎಳೆಯಿರಿ. ವಾರಗಟ್ಟಲೆ ಬಿಟ್ಟರೂ ಕಷ್ಟ, ಬಿಸಿಲಿಗೆ ಅದರ ಗೋಂದು ಪೇಂಟಿಗೆ ಹಿಡಿದುಕೊಳ್ಳುತ್ತದೆ.

ಬೆಣ್ಣೆನಗರಿ, ದಾವಣಗೆರೆ

ಮಕ್ಕಳು ಜೊತೆಗಿದ್ದಾರೆ ಅಂದಿರಲ್ಲ, ಬಾಗಿಲಿನ ವಿಷಯ ಯಾರೂ ಹೇಳಲಿಲ್ಲ. ನಮ್ಮ ಮನೆಯ ಮಕ್ಕಳು ಕಾರಿನ ಬಾಗಿಲು ಹಾಕಿದರೆ ಪಕ್ಕದ ಬೀದಿಗೆ ಕೇಳಿಸುತ್ತದೆ. ಎಲ್ಲಾ ಗ್ಲಾಸ್ ಮುಚ್ಚಿರುವಾಗ ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿಗೆ ಹೋಗಲು ಜಾಗ ಇರುವುದಿಲ್ಲ, ಅದು ಮುಂದಿನ ಗ್ಲಾಸನ್ನು ಒಳಗಿನಿಂದ ದೂಡುತ್ತದೆ. ಕಿವಿ ಗುಮ್ಮೆನ್ನುತ್ತದಲ್ಲ, ಅದೇ ಒತ್ತಡ. ಅಂಟು ಮೆತ್ತಗಿದ್ದಾಗ ಅಲ್ಲೊಂದು ಸಣ್ಣ ಸಂದು ಆದರೆ ಆಮೇಲೆ ಅಲ್ಲಿಂದಲೇ ನೀರು ಇಳಿಯುತ್ತದೆ.

ಆದ್ದರಿಂದ ಎರಡು ದಿನ ಯಾವುದಾದರೂ ಒಂದು ಕಿಟಕಿ ಎರಡು ಬೆರಳಿನಷ್ಟು ಇಳಿಸಿಡಿ. ಮಳೆ ಇರುವುದರಿಂದ ಹಿಂದಿನ ಕಿಟಕಿ ಆಗಬಹುದು, ಮೇಲೆ ಪ್ಲಾಸ್ಟಿಕ್ ವೈಸರ್ ಹಾಕಿಸಿದ್ದರೆ ಒಳಗೆ ನೀರು ಬರುವುದಿಲ್ಲ. ವೈಸರ್ ಇಲ್ಲದಿದ್ದರೆ, ಇಳಿಯುವ ಮೊದಲು ಕಿಟಕಿ ಇಳಿಸಿ, ಎಲ್ಲರೂ ಬಾಗಿಲು ಹಾಕಿದ ಮೇಲೆ ಕೊನೆಗೆ ಏರಿಸಿ. ಮಕ್ಕಳಿಗೆ ಬಾಗಿಲು ಮುಟ್ಟಬೇಡಿ, ನಾನೇ ಹಾಕುತ್ತೇನೆ ಅಂತ ಹೇಳಿಬಿಡಿ. ಡಿಕ್ಕಿಯೂ ಹಾಗೇ. ಹ್ಯಾಚ್‌ಬ್ಯಾಕ್ ಆದರೆ ಹಿಂದಿನ ಬಾಗಿಲು ಧಡ್ ಅಂತ ಬಿದ್ದರೆ ಬಾಗಿಲಿಗಿಂತ ಜಾಸ್ತಿ ಗಾಳಿ ತಳ್ಳುತ್ತದೆ.

ಬಿಸಿಲೂರು, ಕಲಬುರಗಿ

ನಮ್ಮ ಕಡೆ ಮಳೆ ಚಿಂತೆ ಇಲ್ಲ, ಬಿಸಿಲಿಂದೇ ಚಿಂತೆ. ನಾನು ಬೇಸಿಗೆಯಲ್ಲಿ ಹಾಕಿಸಿದೆ, ಹೊರಗೆ 42 ಡಿಗ್ರಿ. ಬಿಸಿಲಿಗೆ ಬೇಗ ಒಣಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಗ್ಲಾಸ್ ಕೆಲಸದವರೇ, ಒಣ ಹವೆಯಲ್ಲಿ ಹೇಗೆ?

ಗ್ಲಾಸ್ ಕೆಲಸದವನು, ಬೆಂಗಳೂರು

ಒಳ್ಳೆ ಪ್ರಶ್ನೆ. ಶಾಖ ಇದ್ದರೆ ಕೆಲಸ ವೇಗ ಆಗುತ್ತದೆ, ಆದರೆ ತೇವವೂ ಬೇಕು. ನಿಮ್ಮ ಕಡೆಯ ಏಪ್ರಿಲ್ ಗಾಳಿಯಲ್ಲಿ ತೇವ ಕಡಿಮೆ, ಆದ್ದರಿಂದ ಬಿಸಿಲು ಇದ್ದ ಮಾತ್ರಕ್ಕೆ ಅರ್ಧ ಗಂಟೆಗೆ ಹೊರಡಬಹುದು ಅಂತ ತಿಳಿಯಬಾರದು. ಅಲ್ಲಿ ಜಾಸ್ತಿ ಹೊತ್ತು ಬಿಡುವುದೇ ಒಳ್ಳೆಯದು. ಇನ್ನೊಂದು, ಮುಚ್ಚಿದ ಕಾರು ಬಿಸಿಲಲ್ಲಿ ನಿಂತರೆ ಒಳಗಿನ ಗಾಳಿ ಹಿಗ್ಗುತ್ತದೆ. ನೆರಳಲ್ಲಿ ನಿಲ್ಲಿಸಿ, ಕಿಟಕಿ ಸಂದು ಬಿಡಿ. ಕಾದ ಗ್ಲಾಸಿಗೆ ತಣ್ಣೀರು ಎರಚುವುದು, ಎಸಿಯನ್ನು ಒಮ್ಮೆಲೇ ಪೂರ್ತಿ ಗ್ಲಾಸಿನ ಕಡೆ ತಿರುಗಿಸುವುದು, ಎರಡೂ ಬೇಡ.

ದೂರದ ಕನ್ನಡಿಗ, ಮಿನೆಸೋಟ

ಇಲ್ಲಿ ನಮ್ಮದು ಇದಕ್ಕೆ ತದ್ವಿರುದ್ಧ. ಜನವರಿಯಲ್ಲಿ ಸೊನ್ನೆಗಿಂತ ಕೆಳಗಿನ ಚಳಿ, ಗಾಳಿ ಪೂರ್ತಿ ಒಣ. ಇಲ್ಲಿನ ಫಿಟ್ಟರ್‌ಗಳು ಹೊರಗೆ ಅಂಗಳದಲ್ಲಿ ಹಾಕಿಕೊಡಲು ಒಪ್ಪುವುದಿಲ್ಲ, ಬೆಚ್ಚಗಿನ ಗ್ಯಾರೇಜಿಗೇ ತನ್ನಿ ಅನ್ನುತ್ತಾರೆ. ಗಾಡಿ ಕೊಡುವ ಹೊತ್ತೂ ಅವತ್ತಿನ ಹವೆ ನೋಡಿ ಬದಲಾಗುತ್ತದೆ, ಬಿಲ್ಲಿನ ಮೇಲೆ ಬರೆದುಕೊಡುತ್ತಾರೆ. ಚಳಿ ದೇಶದಲ್ಲಿರುವ ನಮ್ಮವರಿಗೆ ಒಂದು ಮಾತು: ಮೊದಲ ದಿನ ಡಿಫ್ರಾಸ್ಟರ್ ಬಿಸಿಗಾಳಿಯನ್ನು ಪೂರ್ತಿ ಜೋರಾಗಿ ಬಿಡಬೇಡಿ, ಹಿಮ ಕೆರೆಯುವ ಸಲಕೆಯನ್ನು ಗ್ಲಾಸಿನ ಅಂಚಿಗೆ ತಾಗಿಸಬೇಡಿ. ಬಿಲ್ಲಿನ ಮೇಲೆ ಸಮಯ ಬರೆಸಿಕೊಳ್ಳುವುದನ್ನು ಊರಿನಲ್ಲೂ ಶುರು ಮಾಡಬಹುದು. ಬರೆದುಕೊಡಿ ಅಂದಾಗ ಅವರೂ ಯೋಚನೆ ಮಾಡಿ ಹೇಳುತ್ತಾರೆ.

ಕಡಲತಡಿ, ಉಡುಪಿ

ಎಲ್ಲರೂ ಮೊದಲ ಎರಡು ದಿನದ ಬಗ್ಗೆ ಹೇಳುತ್ತಿದ್ದೀರಿ. ಕರಾವಳಿಯವರಿಗೆ ಆಮೇಲಿನ ಎರಡು ವರ್ಷವೂ ಮುಖ್ಯ. ನಮ್ಮ ಹಿಂದಿನ ಕಾರಿಗೆ ಒಂದು ಅಂಗಡಿಯಲ್ಲಿ ಗ್ಲಾಸ್ ಹಾಕಿಸಿದ್ದೆವು. ಹಳೇ ಅಂಟು ಕತ್ತರಿಸುವಾಗ ಚಾಕು ಫ್ರೇಮಿನ ಪೇಂಟಿಗೆ ತಾಗಿತ್ತು, ಅದಕ್ಕೆ ಏನನ್ನೂ ಹಚ್ಚದೆ ಹಾಗೇ ಮೇಲೆ ಹೊಸ ಅಂಟು ಎಳೆದುಬಿಟ್ಟರು. ಆಗ ನಮಗೆ ಕಾಣಲಿಲ್ಲ. ಎರಡನೇ ಮಳೆಗಾಲ ಕಳೆದ ಮೇಲೆ ಮೇಲ್ಗಡೆ ಮೂಲೆಯಲ್ಲಿ ಬೀಡಿಂಗ್ ಅಡಿಯಿಂದ ಕಂದು ಬಣ್ಣದ ಗೆರೆ ಪೇಂಟಿನ ಮೇಲೆ ಇಳಿಯಲು ಶುರುವಾಯಿತು. ಒರೆಸಿದರೆ ಹೋಗುತ್ತಿತ್ತು, ಮತ್ತೆ ಮಳೆ ಬಂದರೆ ಮತ್ತೆ ಬರುತ್ತಿತ್ತು. ಬೀಡಿಂಗ್ ಎತ್ತಿ ನೋಡಿದಾಗ ಪೇಂಟ್ ಹಪ್ಪಳದ ಹಾಗೆ ಎದ್ದಿತ್ತು, ಉಗುರು ತಾಗಿಸಿದರೆ ತುಕ್ಕಿನ ಪುಡಿ ಉದುರುತ್ತಿತ್ತು, ಅಂಟು ಆ ತುಕ್ಕಿನ ಜೊತೆಗೇ ಕಿತ್ತು ಬಂತು. ಅಂಟು ಗಟ್ಟಿಯಾಗಿಯೇ ಇತ್ತು, ಅದು ಹಿಡಿದುಕೊಂಡಿದ್ದ ಲೋಹವೇ ಇರಲಿಲ್ಲ. ಗ್ಲಾಸ್ ತೆಗೆದು, ತುಕ್ಕು ಉಜ್ಜಿ, ಪೇಂಟ್ ಮಾಡಿಸಿ, ಮತ್ತೆ ಗ್ಲಾಸ್ ಕೂರಿಸುವ ಖರ್ಚು ಹೊಸ ಗ್ಲಾಸಿಗಿಂತ ಜಾಸ್ತಿ ಆಯಿತು.

ಉಪ್ಪುಗಾಳಿ ಇರುವ ಕಡೆ ಒಂದು ಗೀರು ಸಾಕು. ಹಾಗಾಗಿ ಹಾಕಿಸುವಾಗ ಪಕ್ಕದಲ್ಲೇ ನಿಂತು ನೋಡಿ, ಸಂಕೋಚ ಬೇಡ. ಹಳೇ ಗ್ಲಾಸ್ ಎತ್ತಿದ ಮೇಲೆ ಫ್ರೇಮ್ ತೋರಿಸಿ ಅಂತ ಕೇಳಿ. ಎಲ್ಲಿ ಗೀರು ಬಿದ್ದಿದೆಯೋ ಅಲ್ಲಿ ಪ್ರೈಮರ್ ಹಚ್ಚಲೇಬೇಕು. ಆಮೇಲೆ ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಮೂಲೆಗಳನ್ನು ನೋಡಿಕೊಳ್ಳಿ. ಬಾನೆಟ್ ಎತ್ತಿ ವೈಪರ್ ಕೆಳಗಿನ ಜಾಲರಿಯಲ್ಲಿ ಸೇರಿದ ಎಲೆ, ಮಣ್ಣು ತೆಗೆಯಿರಿ. ಅಲ್ಲಿ ನೀರು ನಿಂತರೆ ಗ್ಲಾಸಿನ ಕೆಳ ಅಂಚು ಸದಾ ಒದ್ದೆ ಇರುತ್ತದೆ.

ಗ್ಲಾಸ್ ಕೆಲಸದವನು, ಬೆಂಗಳೂರು

ಕಡಲತಡಿಯವರು ಬರೆದದ್ದನ್ನು ನಮ್ಮ ಕೆಲಸದವರೆಲ್ಲ ಓದಬೇಕು. ಹಳೇ ಅಂಟನ್ನು ಲೋಹ ಕಾಣುವ ತನಕ ಕೆರೆಯಬಾರದು. ಒಂದೆರಡು ಮಿಲಿಮೀಟರ್ ಉಳಿಸಿ ಅದರ ಮೇಲೆ ಹೊಸ ಅಂಟು ಎಳೆಯಬೇಕು, ಹೊಸ ಪಿಯು ಹಳೇ ಪಿಯುಗೆ ಚೆನ್ನಾಗಿ ಹಿಡಿಯುತ್ತದೆ. ಗಾಜಿನ ಸುತ್ತ ಇರುವ ಕಪ್ಪು ಪಟ್ಟಿಯೂ ಸುಮ್ನೆ ಅಲ್ಲ. ಬಿಸಿಲು ನೇರ ಬಿದ್ದರೆ ಪಿಯು ಹಾಳಾಗುತ್ತದೆ, ಆ ಪಟ್ಟಿ ಅದನ್ನು ಮರೆಮಾಡುತ್ತದೆ.

ಇನ್ನೊಂದು ಕೈಮುಗಿದು ಹೇಳುತ್ತೇನೆ. ಸಿಲಿಕಾನ್ ಹಾಕಿಸಿಕೊಳ್ಳಬೇಡಿ. ಬಾತ್‌ರೂಮಿನ ಸಂದಿಗೆ ಹಾಕುವ ಟ್ಯೂಬನ್ನೇ ಹಾಕುವವರು ಕೆಲವರು ಇದ್ದಾರೆ. ನೀರು ನಿಲ್ಲಿಸುತ್ತದೆ, ಗಾಜು ಹಿಡಿಯುವ ಬಲ ಇಲ್ಲ. ಎಲ್ಲೋ ನೀರು ಸೋರಿತು ಅಂತ ಮೇಲಿನಿಂದ ಸಿಲಿಕಾನ್ ಬಳಿದರೂ ತೊಂದರೆ, ಆಮೇಲೆ ಅಲ್ಲಿ ಪಿಯು ಹಿಡಿಯುವುದೇ ಇಲ್ಲ. ಗಾಜಿನ ಮೂಲೆಯ ಮುದ್ರೆಯನ್ನೂ ನೋಡಿಕೊಳ್ಳಿ, ಐಎಸ್‌ಐ ಗುರುತು ಮತ್ತು ಐಎಸ್ 2553 ಅಂತ ಇರಬೇಕು. ಮುಂದಿನ ಗ್ಲಾಸ್ ಲ್ಯಾಮಿನೇಟೆಡ್ ಆಗಿರುತ್ತದೆ, ಎರಡು ಗಾಜಿನ ನಡುವೆ ಪಿವಿಬಿ ಅನ್ನುವ ತೆಳು ಹಾಳೆ. ಕಲ್ಲು ಬಿದ್ದಾಗ ಒಡೆದರೂ ಮುಖಕ್ಕೆ ಚೂರು ಹಾರದೆ ಅಂಟಿಕೊಂಡೇ ಇರುವುದು ಅದರಿಂದ.

ಹುಬ್ಬಳ್ಳಿ ಮಂದಿ

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಹೇಳುತ್ತೇನೆ, ನನ್ನ ಕೆಲಸವೇ ಅದು. ಝೀರೋ ಡೆಪ್ (ಬಿಡಿಭಾಗ ಹಳೆಯದಾಗಿದೆ ಅಂತ ದುಡ್ಡು ಕಳೆಯದ ಪಾಲಿಸಿ) ಇಲ್ಲ, ಹಾಗಾಗಿ ಗ್ಲಾಸಿಗೆ ಪೂರ್ತಿ ಸಿಗಲ್ಲ ಅಂತ ಬಹಳ ಜನ ಕೈಯಿಂದಲೇ ದುಡ್ಡು ಕೊಡುತ್ತಾರೆ. ಮಾಮೂಲಿ ಕಾಂಪ್ರೆಹೆನ್ಸಿವ್ ಪಾಲಿಸಿಯಲ್ಲೂ ಗಾಜಿನ ಭಾಗಕ್ಕೆ ಸವಕಳಿ ಕಳೆಯುವುದಿಲ್ಲ. ರಬ್ಬರ್, ಪ್ಲಾಸ್ಟಿಕ್‌ಗೆ 50% ಕಳೆಯುತ್ತಾರೆ, ಅಂದರೆ ಬೀಡಿಂಗ್‌ಗೆ ಅರ್ಧ ನೀವು ಕೊಡಬೇಕು. ಇದರ ಮೇಲೆ ನೀವೇ ಕೊಡಬೇಕಾದ ಕಡ್ಡಾಯ ಕಡಿತ ಇರುತ್ತದೆ, 1500 ಸಿಸಿ ತನಕದ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಏನೂ ಸಿಗುವುದಿಲ್ಲ.

ಕ್ಲೇಮ್ ಮಾಡುವ ಮೊದಲು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಲೆಕ್ಕ ಹಾಕಿ. 50% ತನಕ ಬೋನಸ್ ಬಂದಿದ್ದರೆ, ಸಣ್ಣ ಕಾರಿನ ಸಾದಾ ಗ್ಲಾಸಿಗಾಗಿ ಅದನ್ನು ಕಳೆದುಕೊಳ್ಳುವುದು ನಷ್ಟ ಆಗಬಹುದು. ಕ್ಯಾಮೆರಾ, ಸೆನ್ಸರ್ ಇರುವ ದುಬಾರಿ ಗ್ಲಾಸ್ ಆದರೆ ಕ್ಲೇಮ್ ಮಾಡಿ. ಒಡೆದ ಗ್ಲಾಸಿನ ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಅವರು ನೋಡಿದ ಮೇಲೆಯೇ ಬಿಚ್ಚಿಸಿ. ಬಿಲ್ಲಿನಲ್ಲಿ ಗ್ಲಾಸ್, ಅಂಟು, ಕೂಲಿ ಬೇರೆ ಬೇರೆ ಬರೆಸಿ, ಇಟ್ಟುಕೊಳ್ಳಿ. ಆರು ತಿಂಗಳ ಮೇಲೆ ನೀರು ಸೋರಿದರೆ ಆ ಬಿಲ್ಲೇ ನಿಮ್ಮ ಆಧಾರ.

ಮೈಸೂರಿನಿಂದ

ಕ್ಯಾಮೆರಾ ಅಂದಿರಿ, ಅದನ್ನೇ ಬರೆಯಬೇಕು ಅಂತಿದ್ದೆ. ನನ್ನದು ಎಕ್ಸ್‌ಯುವಿ 700. ಒಳಗಿನ ಕನ್ನಡಿಯ ಹಿಂದೆ ಗ್ಲಾಸಿಗೆ ಅಂಟಿಕೊಂಡು ಕ್ಯಾಮೆರಾ ಕೂತಿರುತ್ತದೆ. ಲೇನ್ ತಪ್ಪಿದರೆ ಎಚ್ಚರಿಸುವುದು, ತಾನಾಗಿ ಬ್ರೇಕ್ ಹಾಕುವುದು, ಇದಕ್ಕೆಲ್ಲ ಆ ಕ್ಯಾಮೆರಾ ಬೇಕು. ಗ್ಲಾಸ್ ಬದಲಾದರೆ ಅದರ ನೋಟ ಕೂದಲೆಳೆಯಷ್ಟು ವಾಲಿದರೂ ದೂರದಲ್ಲಿ ದೊಡ್ಡ ವ್ಯತ್ಯಾಸ ಆಗುತ್ತದೆ. ಆದ್ದರಿಂದ ಕ್ಯಾಲಿಬ್ರೇಶನ್, ಅಂದರೆ ಕ್ಯಾಮೆರಾದ ನೋಟವನ್ನು ಮತ್ತೆ ಸರಿಹೊಂದಿಸುವ ಕೆಲಸ, ಮಾಡಿಸಲೇಬೇಕು. ಕೆಲವಕ್ಕೆ ಕಾರಿನ ಮುಂದೆ ಅಳತೆಯ ಬೋರ್ಡ್ ಇಟ್ಟು ಮಾಡುತ್ತಾರೆ, ಕೆಲವಕ್ಕೆ ಗೆರೆ ಸರಿಯಾಗಿರುವ ರಸ್ತೆಯಲ್ಲಿ ಓಡಿಸಿ ಮಾಡುತ್ತಾರೆ, ಕೆಲವಕ್ಕೆ ಎರಡೂ. ಆಸ್ಟರ್, ಹೊಸ ಕ್ರೆಟಾ, ಸೆಲ್ಟೋಸ್, ಹ್ಯಾರಿಯರ್, ಹೊಸ ವರ್ನಾಗಳ ಮೇಲಿನ ವೇರಿಯಂಟ್‌ನವರೂ ಗಮನಿಸಿ. ಗ್ಲಾಸ್ ಹಾಕಿ ಕೊಟ್ಟರು, ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟೂ ಇಲ್ಲ ಅಂತ ಸುಮ್ಮನಾಗಬೇಡಿ. ಕ್ಯಾಲಿಬ್ರೇಶನ್ ಆಗುವ ತನಕ ಆ ಸೌಲಭ್ಯ ಆಫ್ ಮಾಡಿಡುವುದೇ ಕ್ಷೇಮ, ತಪ್ಪು ನೋಡಿ ಹೈವೇಯಲ್ಲಿ ಬ್ರೇಕ್ ಹಾಕಿದರೆ ಹಿಂದಿನವರ ಗತಿ ಏನು?

ಮಳೆಗೆ ತಾನೇ ಓಡುವ ವೈಪರ್ ಇದ್ದವರು ಸೆನ್ಸರ್ ಅಡಿಯ ಜೆಲ್ ಪ್ಯಾಡ್ ನೋಡಿ. ಹೊರಗಿನಿಂದ ನೋಡಿದಾಗ ಅದರಲ್ಲಿ ಗಾಳಿಗುಳ್ಳೆ ಕಂಡರೆ ವೈಪರ್ ಬೇಕಾದಾಗ ಓಡುವುದಿಲ್ಲ, ಬೇಡವಾದಾಗ ಓಡುತ್ತದೆ. ಹೊಸ ಪ್ಯಾಡ್ ಹಾಕಿಸಬೇಕು.

ಶಿರಸಿ ಸವಾರ

ಫಾಸ್ಟ್‌ಟ್ಯಾಗ್! ಎಲ್ಲರೂ ಮರೆಯುವುದು ಇದನ್ನೇ. ಹಳೇ ಗ್ಲಾಸಿನ ಜೊತೆ ಟ್ಯಾಗೂ ಹೋಗುತ್ತದೆ. ಕಿತ್ತು ಹೊಸದಕ್ಕೆ ಅಂಟಿಸುತ್ತೇನೆ ಅಂದರೆ ಆಗುವುದಿಲ್ಲ, ಕೀಳುವಾಗ ಒಳಗಿನ ಆಂಟೆನಾ ಹರಿಯುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಬದಲಿ ಟ್ಯಾಗ್ ಕೇಳಿ, ಬೇರೆ ಬ್ಯಾಂಕಿನದ್ದು ಇನ್ನೊಂದು ತೆಗೆದುಕೊಳ್ಳಬೇಡಿ, ಒಂದು ಗಾಡಿಗೆ ಒಂದೇ ಟ್ಯಾಗ್. ಅದು ಬರುವ ತನಕ ಟೋಲ್‌ನಲ್ಲಿ ಜಾಸ್ತಿ ಕೊಡಬೇಕು. 2025ರ ನವೆಂಬರ್ 15ರಿಂದ ಯುಪಿಐನಲ್ಲಿ ಕೊಟ್ಟರೆ ಒಂದೂ ಕಾಲು ಪಟ್ಟು. ಹೊಸ ಟ್ಯಾಗ್ ಬಂದ ಕೂಡಲೇ ಒತ್ತಿ ಒತ್ತಿ ಅಂಟಿಸಬೇಡಿ, ಅಂಟು ಗಟ್ಟಿಯಾದ ಮೇಲೆ ಅಂಟಿಸಿ. ಮೊಬೈಲ್ ಹೋಲ್ಡರ್, ಡ್ಯಾಶ್‌ಕ್ಯಾಮ್‌ಗಳೂ ಹಾಗೆಯೇ.

ಬೆಣ್ಣೆನಗರಿ, ದಾವಣಗೆರೆ

ತೊಳೆಯುವುದು ಯಾವಾಗ? ನಮ್ಮವರು ಹೊಸದೇನು ಹಾಕಿಸಿದರೂ ಮಾರನೇ ದಿನವೇ ವಾಟರ್ ಸರ್ವೀಸಿಗೆ ಬಿಡುತ್ತಾರೆ.

ಗ್ಲಾಸ್ ಕೆಲಸದವನು, ಬೆಂಗಳೂರು

ಮಳೆ ನೀರು ಬೇರೆ, ಪ್ರೆಶರ್ ಗನ್ ಬೇರೆ ಮೇಡಂ. ಗನ್ ನೀರು ಬೀಡಿಂಗ್ ಅಡಿಗೆ ನುಗ್ಗಿ ಎತ್ತಿಬಿಡುತ್ತದೆ. ಕನಿಷ್ಠ ಎರಡು ದಿನ ಬೇಡ, ಆಮೇಲೂ ಅಂಚಿಗೆ ನೇರ ಹಿಡಿಯಬೇಡಿ ಅಂತ ಹುಡುಗರಿಗೆ ಹೇಳಿ. ಮಧ್ಯೆ ಧೂಳಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಅಂಚು ಒತ್ತಬೇಡಿ. ವೈಪರ್ ಬ್ಲೇಡ್ ಹೊಸದು ಹಾಕಿಸಿ. ಹಳೇ ಬ್ಲೇಡಿನ ರಬ್ಬರಿನಲ್ಲಿ ಮರಳು, ಒಡೆದ ಗಾಜಿನ ಪುಡಿ ಕಚ್ಚಿಕೊಂಡಿರುತ್ತದೆ. ಮೊದಲ ಮಳೆಗೇ ಹೊಸ ಗ್ಲಾಸಿನ ಮೇಲೆ ಅರ್ಧ ಚಂದ್ರದ ಗೀರು ಬಿದ್ದರೆ ರಾತ್ರಿ ಎದುರಿನ ಲೈಟಿಗೆ ಕಣ್ಣು ಕುಕ್ಕುತ್ತದೆ. ಹಾಗೆಂದು ಗ್ಲಾಸಿಗೆ ಕೂಲಿಂಗ್ ಪೇಪರ್ ಹಾಕಿಸಲು ಹೋಗಬೇಡಿ, ಮುಂದಿನ ಗ್ಲಾಸಿನಲ್ಲಿ ಕನಿಷ್ಠ 70% ಬೆಳಕು ದಾಟಬೇಕು ಅಂತ ನಿಯಮವೇ ಇದೆ.

ಹೇಮಾವತಿ ತೀರ, ಹಾಸನ

ಪುತ್ತೂರಿಗೆ ಹೋಗಿ ಬಂದೆವು. ಘಾಟಿ ತೆರೆದಿತ್ತು, ನಿಧಾನವಾಗಿ ಇಳಿದೆವು. ಟೇಪ್ ಸಂಜೆ ತೆಗೆದೆ. ಒಳಗೆ ಒಂದು ಹನಿ ನೀರಿಲ್ಲ. ಆದರೆ ವಾಪಸ್ ಬರುವಾಗ 80 ದಾಟಿದರೆ ಎಡಗಡೆ ಮೇಲಿನ ಮೂಲೆಯಿಂದ ಸಣ್ಣ ಸೀಟಿ ಸದ್ದು. 70ಕ್ಕೆ ಇಳಿಸಿದರೆ ಇಲ್ಲ. ಅಂಟು ಬಿಟ್ಟಿದೆಯಾ?

ಗ್ಲಾಸ್ ಕೆಲಸದವನು, ಬೆಂಗಳೂರು

ಬಹಳ ಸಲ ಅದು ಬೀಡಿಂಗ್ ಸರಿಯಾಗಿ ಕೂರದೇ ಬರುವ ಸದ್ದು, ಅಂಟಿಂದಲ್ಲ. ಪತ್ತೆ ಮಾಡುವುದು ಸುಲಭ. ಆ ಮೂಲೆಯ ಸಂದಿಗೆ ಪೂರ್ತಿ ಪೇಂಟರ್ ಟೇಪ್ ಅಂಟಿಸಿ ಅದೇ ವೇಗದಲ್ಲಿ ಓಡಿಸಿ. ಸದ್ದು ನಿಂತರೆ ಅಲ್ಲೇ. ಟೇಪನ್ನು ಸ್ವಲ್ಪ ಸ್ವಲ್ಪ ತೆಗೆಯುತ್ತಾ ಹೋದರೆ ಬೆರಳಿಟ್ಟು ತೋರಿಸಬಹುದು. ಟೇಪ್ ಹಾಕಿದರೂ ನಿಲ್ಲದಿದ್ದರೆ ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಕ್ಲಿಪ್, ಗ್ಲಾಸಿನ ಪಕ್ಕದ ಕಂಬದ ಮೇಲಿನ ಪಟ್ಟಿ ನೋಡಿಸಿ.

ಸೋರಿಕೆ ಇಲ್ಲ ಅಂದಿರಿ, ಆದರೂ ಒಂದು ಪರೀಕ್ಷೆ ಮಾಡಿ. ಪೈಪಿನಲ್ಲಿ ನೀರು ಮೆಲ್ಲಗೆ ಬಿಡಿ, ಕೆಳ ಅಂಚಿನಿಂದ ಶುರು ಮಾಡಿ ಮೇಲಕ್ಕೆ. ಮೇಲಿನಿಂದ ಬಿಟ್ಟರೆ ಎಲ್ಲಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂರಲಿ. ಆಮೇಲೆ ಮ್ಯಾಟ್ ತೆಗೆದು ಕಾರ್ಪೆಟ್ ಅಡಿಗೆ ಕೈ ಹಾಕಿ, ಒಣ ಟಿಶ್ಯೂ ಒತ್ತಿ ನೋಡಿ. ಮೇಲೆ ಒಣಗಿದ್ದು ಕೆಳಗಿನ ಸ್ಪಾಂಜ್ ಒದ್ದೆ ಇರುತ್ತದೆ. ಕೆಲವು ಕಾರುಗಳಲ್ಲಿ ಫ್ಯೂಸ್ ಬಾಕ್ಸ್ ಅಲ್ಲೇ ಹತ್ತಿರ ಇರುವುದರಿಂದ ಇದನ್ನು ಬಿಡಬೇಡಿ. ಸದ್ದು, ಸೋರಿಕೆ ಎರಡರಲ್ಲಿ ಏನಿದ್ದರೂ ಹಾಕಿದ ಅಂಗಡಿಗೇ ಹೋಗಿ, ಒಳ್ಳೆ ಕೆಲಸದವರು ಮತ್ತೆ ದುಡ್ಡು ಕೇಳುವುದಿಲ್ಲ.

ಯಲಹಂಕ ನಿವಾಸಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಪಕ್ಕದ ಬಾಗಿಲಿನ ಗ್ಲಾಸ್, ಯಾರೋ ಒಡೆದು ಬ್ಯಾಗ್ ತೆಗೆದುಕೊಂಡು ಹೋದರು. ಹೊಸದು ಹಾಕಿಸಿದ್ದೇನೆ. ಅದಕ್ಕೂ ಇಷ್ಟೆಲ್ಲ ಕಾಯಬೇಕಾ?

ಗ್ಲಾಸ್ ಕೆಲಸದವನು, ಬೆಂಗಳೂರು

ಬೇಡ ಸರ್. ಇಳಿಸಿ ಏರಿಸುವ ಗ್ಲಾಸಿಗೆ ಬಾಡಿಯಲ್ಲಿ ಅಂಟು ಇಲ್ಲ, ರಬ್ಬರ್ ಕಾಲುವೆಯಲ್ಲಿ ಜಾರುತ್ತದೆ. ಆಗಲೇ ಓಡಿಸಬಹುದು. ಹಿಂದಿನ ದೊಡ್ಡ ಗ್ಲಾಸ್, ಮೂಲೆಯ ಸಣ್ಣ ಗ್ಲಾಸ್ ಮಾತ್ರ ಬಹಳ ಕಾರುಗಳಲ್ಲಿ ಅಂಟಿನದ್ದು, ಅವಕ್ಕೆ ಮೇಲೆ ಹೇಳಿದ್ದೆಲ್ಲ ಅನ್ವಯ.

ನಿಮ್ಮದರಲ್ಲಿ ಕಷ್ಟ ಬೇರೆ. ಅದು ಟೆಂಪರ್ಡ್ ಗಾಜು, ಒಡೆದಾಗ ಕಲ್ಲುಸಕ್ಕರೆಯಂಥ ಚೂರುಗಳಾಗಿ ಅರ್ಧ ಬಾಗಿಲಿನ ಒಳಗೆ ಬಿದ್ದಿರುತ್ತದೆ. ಬಾಗಿಲು ಹಾಕಿದಾಗ ಜಲ್ ಜಲ್ ಅಂದರೆ ಇನ್ನೂ ಇದೆ ಅಂತ ಅರ್ಥ. ಆ ಚೂರು ಹೊಸ ಗ್ಲಾಸನ್ನು ಗೀರುತ್ತದೆ, ಮೋಟರಿಗೆ ಸಿಕ್ಕಿಕೊಳ್ಳುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗುವ ತೂತುಗಳಿರುತ್ತವೆ, ಅವು ಕಟ್ಟಿದರೆ ಮಳೆ ನೀರು ಒಳಗೇ ನಿಲ್ಲುತ್ತದೆ, ಒಂದು ತಂತಿ ಹಾಕಿ ಬಿಡಿಸಿ. ಪ್ಯಾನಲ್ ಬಿಚ್ಚಿ ವ್ಯಾಕ್ಯೂಮ್ ಹಿಡಿಸಿ. ಬಿಚ್ಚಿದಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಸರಿಯಾಗಿ ಅಂಟಿಸಿದ್ದಾರಾ ನೋಡಿ. ಅದು ಸಡಿಲ ಇದ್ದರೆ ಸೀಟಿನ ಕೆಳಗೆ ನೀರು ಬರುತ್ತದೆ, ಎಲ್ಲಿಂದ ಅಂತ ವರ್ಷ ಹುಡುಕಿದರೂ ಸಿಗುವುದಿಲ್ಲ. ಸೀಟಿನ ಹಳಿ, ಬೆಲ್ಟ್ ಬಕಲ್ ಸಂದಿ, ಮಕ್ಕಳ ಸೀಟು ಎಲ್ಲಾ ತೆಗೆದು ಹಗಲು ಬೆಳಕಿನಲ್ಲಿ ಇನ್ನೊಮ್ಮೆ ನೋಡಿ. ಬೆಲ್ಟನ್ನು ಪೂರ್ತಿ ಎಳೆದು ಕೊಡವಿ, ಸುರುಳಿಯೊಳಗೆ ಒಂದೆರಡು ಚೂರು ಇದ್ದೇ ಇರುತ್ತದೆ.